ಸಹಸಂಬಂಧವೋ, ಆಕಸ್ಮಿಕವೋ?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಬಳಿಯ ರಾಜಗೋಪಾಲನಗರದಲ್ಲಿ ಲೇತುಗಳನ್ನಿಟ್ಟು ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಗಳಿವೆ. ಅಂತಹದೊಂದನ್ನು ಕಲ್ಪಿಸಿಕೊಳ್ಳೋಣ. ಸೆಕೆ ಹೆಚ್ಚಿದ ದಿನ ಅಳತೆ ತಪ್ಪಿದ ಉಕ್ಕಿನ ದಂಡಗಳೂ ಹೆಚ್ಚುವಂತೆ ಅಲ್ಲಿ ತೋರುತ್ತದೆ. ಯಜಮಾನನು ವಾರದ ಆರು ಕೆಲಸದ ದಿನಗಳ ಉಷ್ಣತೆಯನ್ನೂ ತಪ್ಪಿದ ದಂಡಗಳ ಸಂಖ್ಯೆಯನ್ನೂ ಬರೆದಿಟ್ಟು ಗಣಿಸಲು, ಸಹಸಂಬಂಧ ಗುಣಾಂಕವು 0.6 ಎಂದು ಬಂದಿತು. ಇಷ್ಟನ್ನೇ ನಂಬಿ ಆತನು ಸಾಲಮಾಡಿ ಹವಾನಿಯಂತ್ರಣ ಯಂತ್ರವನ್ನು ಕೊಳ್ಳಬಹುದೆ?

ಸಂದೇಹವೇನೋ ಅಸಂಗತವಲ್ಲ. 50 ಮಿಲಿಮೀಟರ್ ವ್ಯಾಸದ ಉಕ್ಕಿನ ದಂಡವು 10 ಡಿಗ್ರಿ ಸೆಲ್ಸಿಯಸ್ ಕಾದರೆ ಸುಮಾರು 0.006 ಮಿಲಿಮೀಟರ್ ಹಿಗ್ಗುತ್ತದೆ. ಆದರೆ ನಮ್ಮ ಪ್ರಶ್ನೆ ಬೇರೆ: ಯಾವ ಸಂಬಂಧವೂ ಇಲ್ಲದಿದ್ದರೂ ಕೇವಲ ಆಕಸ್ಮಿಕವಾಗಿ 0.6 ಬರಬಹುದಲ್ಲವೆ?

ಆರು ಉಷ್ಣತೆಗಳನ್ನು ಆರು ಚೀಟಿಗಳಲ್ಲಿ ಬರೆದು, ಕಲಸಿ, ಮನಬಂದಂತೆ ದಿನಗಳಿಗೆ ಹಂಚಿದೆವೆನ್ನೋಣ. ಆಗಲೂ ಗುಣಾಂಕವು ಸರಿಯಾಗಿ ಶೂನ್ಯವಾಗುವುದು ಅಪರೂಪ. ಈ ಆಕಸ್ಮಿಕದ ವ್ಯಾಪ್ತಿಯನ್ನು ಅಳೆಯುವ ಮಾರ್ಗವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಬರೆದ ಗಾಸೆಟ್ಟನು ತೋರಿದನು. 1915ರಲ್ಲಿ ಫಿಷರನು ಅದಕ್ಕೆ ಖಚಿತವಾದ ಗಣಿತವನ್ನು ಒದಗಿಸಿದನು. ಗುಣಾಂಕವನ್ನು ‘ಗ’ ಎಂದೂ ಜೋಡಿಗಳ ಸಂಖ್ಯೆಯನ್ನು ‘ನ’ ಎಂದೂ ಕರೆದರೆ,

ಟ = ಗ × √(ನ − 2) ÷ √(1 − ಗ²)

ಇಲ್ಲಿ ಗ = 0.6, ನ = 6. ಆದುದರಿಂದ ಟ = 0.6 × 2 ÷ 0.8 = 1.5. ಆರು ಜೋಡಿಗಳಿಗೆ ನೂರಕ್ಕೆ ಐದರ ಮಟ್ಟದಲ್ಲಿ ಕೋಷ್ಟಕವು ವಿಧಿಸುವ ಗಡಿ 2.776. ನಮ್ಮ ಬೆಲೆ ಅದನ್ನು ಮುಟ್ಟಲಿಲ್ಲ. ಸಂಬಂಧವಿಲ್ಲದಿದ್ದರೂ ಸುಮಾರು ಐದು ಸಲಕ್ಕೊಮ್ಮೆ ಇಷ್ಟು ದೊಡ್ಡ ಗುಣಾಂಕವು, ಧನವಾಗಿಯೋ ಋಣವಾಗಿಯೋ, ದೊರೆಯುತ್ತದೆ. ಇದರಿಂದ ಸಂಬಂಧವೇ ಇಲ್ಲವೆಂದು ಸಿದ್ಧವಾಗದು. ಸಾಕ್ಷ್ಯವು ಸಾಲದೆಂದಷ್ಟೇ ಅರ್ಥ.

ಅದೇ 0.6 ಎಂಬುದು 27 ದಿನಗಳ ಲೆಕ್ಕದಿಂದ ಬಂದಿದ್ದರೆ? ಆಗ ಟ = 0.6 × 5 ÷ 0.8 = 3.75, ಗಡಿ 2.060 ಮಾತ್ರ. ಅಂತಹ ಆಕಸ್ಮಿಕವು ಸಾವಿರಕ್ಕೆ ಸುಮಾರು ಒಂದು. ಗುಣಾಂಕ ಬದಲಾಗಲಿಲ್ಲ, ಅದರ ಬಲ ಬದಲಾಯಿತು.

ಮೂರು ಎಚ್ಚರಿಕೆಗಳು ಅವಶ್ಯ. ಒಂದು, ಈ ಪರೀಕ್ಷೆಯು ವೀಕ್ಷಣೆಗಳು ಪರಸ್ಪರ ಸ್ವತಂತ್ರವೆಂದು ಭಾವಿಸುತ್ತದೆ. ಸೆಕೆಯ ದಿನಗಳಾದರೋ ಒಂದರ ಬೆನ್ನಿಗೊಂದು ಬರುತ್ತವೆ. ಎರಡು, ಹಲವು ಗುಣಾಂಕಗಳನ್ನು ಗಣಿಸಿ ದೊಡ್ಡದನ್ನು ಮಾತ್ರ ಆರಿಸಿಕೊಂಡರೆ ಗಡಿಯೂ ಬಿಗಿಯಾಗಬೇಕು. ಮುಂಗಾರಿನ ಮುನ್ಸೂಚನೆಗಾಗಿ ದೂರದೇಶಗಳ ಹವಾಮಾನದೊಡನೆ ಸಹಸಂಬಂಧಗಳನ್ನು ಹುಡುಕಿದ, ಭಾರತದ ವೀಕ್ಷಣಾಲಯಗಳ ಮಹಾನಿರ್ದೇಶಕ ಗಿಲ್ಬರ್ಟ್ ವಾಕರನು 1914ರಲ್ಲೇ ಈ ಅಪಾಯವನ್ನು ಎತ್ತಿ ತೋರಿದ್ದನು. ಮೂರು, ಆಕಸ್ಮಿಕವಲ್ಲವೆಂದ ಮಾತ್ರಕ್ಕೆ ಕಾರಣವು ಸಿದ್ಧವಾಗದು. ಸೆಕೆಯ ದಿನ ಲೇತಿನ ಮುಂದೆ ನಿಂತವನೂ ಬಳಲುತ್ತಾನೆ. ತಪ್ಪಿಗೆ ಉಕ್ಕಿನ ಹಿಗ್ಗುವಿಕೆ ಕಾರಣವೋ ಮನುಷ್ಯನ ಆಯಾಸವೋ ಎಂಬುದನ್ನು ಗುಣಾಂಕವು ಹೇಳಲಾರದು.

ಆದುದರಿಂದ ಯಜಮಾನನಿಗೆ ನಮ್ಮ ಸಲಹೆಯಿಷ್ಟೆ: ಸಾಲಪತ್ರಕ್ಕೆ ರುಜು ಹಾಕುವ ಮೊದಲು ಇನ್ನೂ ಕೆಲವು ವಾರ ಬರೆದಿಡಲಿ. ಅದಕ್ಕೆ ತಗಲುವ ವೆಚ್ಚ ಒಂದು ಉಷ್ಣಮಾಪಕ ಮತ್ತು ಒಂದು ನೋಟ್ ಪುಸ್ತಕದ ಬೆಲೆ ಮಾತ್ರ.