ಗುಳ್ಳೆ ಯಾವ ಕಡೆಗೆ ಹೋಯಿತು?

ಬೋಧನಾಭ್ಯಾಸದ ಮೊದಲ ಹಂತದಲ್ಲಿ ನನಗೆ ಗುಬ್ಬಿ ತಾಲ್ಲೂಕಿನ ಒಂದು ಪ್ರೌಢಶಾಲೆಯ 9ನೇ ತರಗತಿ ದೊರೆಯಿತು. ಪಾಠ ಗುರುತ್ವ, ಬೋಧನೋಪಕರಣವಾಗಿ ಗಾರೆ ಕೆಲಸದವರ ರಸಮಟ್ಟ ಒಯ್ದಿದ್ದೆ. (ಹೆಸರಿನಲ್ಲಿ ರಸವಿದ್ದರೂ ಒಳಗಿರುವುದು ಪಾದರಸವಲ್ಲ, ಸಾಮಾನ್ಯವಾಗಿ ಬಣ್ಣ ಬೆರೆಸಿದ ಆಲ್ಕೋಹಾಲ್. ಕೊಳವೆ ತುಸು ಬಾಗಿರುವುದರಿಂದ ಗುಳ್ಳೆ ಅದರ ಅತಿ ಎತ್ತರದ ಜಾಗಕ್ಕೆ ಏರುತ್ತದೆ.) ಮೇಜಿನ ಮೇಲಿಟ್ಟಾಗ ಗುಳ್ಳೆ ಕಿಟಕಿಯ ಕಡೆಗೆ ಸರಿಯಿತು. ‘ಆ ಕಡೆ ಮೇಜು ಎತ್ತರ’ ಎಂದೆ. ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು ರಸಮಟ್ಟವನ್ನು ತಿರುಗಿಸಿಟ್ಟಳು. ಗುಳ್ಳೆ ಸ್ವಲ್ಪ ಬಾಗಿಲ ಕಡೆಗೆ ಹೋಯಿತು. “ಈಗ ಯಾವ ಕಡೆ ಎತ್ತರ ಸರ್?” ಉತ್ತರ ನನಗೆ ಗೊತ್ತಿರಲಿಲ್ಲ. “ಹಾಗೆಲ್ಲ ತಿರುಗಿಸಬಾರದು, ಕೂತ್ಕೊ” ಎಂದುಬಿಟ್ಟೆ. ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು ತರಗತಿ ನಿಯಂತ್ರಣಕ್ಕೆ ಒಳ್ಳೆಯ ಅಂಕ ಕೊಟ್ಟರು. ಆ ಅಂಕ ನೋಡಿದರೆ ಈಗಲೂ ಮುಜುಗರವಾಗುತ್ತದೆ.

ಉತ್ತರ ಸಿಕ್ಕಿದ್ದು ತುಮಕೂರು ನಗರದಲ್ಲಿ, ಪೂಲ್ ಟೇಬಲ್ ಜೋಡಿಸುವಾಗ. ಸೋದರಮಾವ ಬಡಗಿ, ಭಾನುವಾರ ಕೈಜೋಡಿಸಲು ಕರೆದಿದ್ದರು. 9 ಅಡಿಯ ಟೇಬಲ್ಲಿಗೆ ಮೂರು ಸ್ಲೇಟ್ ಕಲ್ಲಿನ ಹಲಗೆಗಳು. ಮೊದಲು ಚೌಕಟ್ಟಿನ ಮಟ್ಟ, ಆಮೇಲೆ ನಡುವಿನ ಕಲ್ಲು, ನಂತರ ಎರಡು ತುದಿಯವು. ಕಲ್ಲಿನ ಕೆಳಗೆ ತೆಳು ಬೆಣೆ ತೂರಿಸುತ್ತ ಹೋಗಬೇಕು. ಸಂದುಗಳಿಗೆ ಜೇನುಮೇಣ ತುಂಬಿ ಕೆರೆದು, ಕೊನೆಗೆ ಬಟ್ಟೆ. ಪ್ರತಿ ಜಾಗದಲ್ಲೂ ಮಾವ ರಸಮಟ್ಟವನ್ನು ಎರಡು ಸಲ ಇಡುತ್ತಿದ್ದರು, ಎರಡನೆಯದು ಹಿಂದುಮುಂದಾಗಿ. ಏಕೆಂದು ಕೇಳಿದೆ. “ಕಲ್ಲು ಸುಳ್ಳು ಹೇಳ್ತಿದೆಯೋ ಇದು ಸುಳ್ಳು ಹೇಳ್ತಿದೆಯೋ ತಿಳೀಬೇಕಲ್ಲ!”

ತಿರುಗಿಸಿದ ಮೇಲೂ ಗುಳ್ಳೆ ಕೋಣೆಯ ಅದೇ ದಿಕ್ಕಿಗೆ ಹೋದರೆ ಓರೆ ಕಲ್ಲಿನದು. ಉಪಕರಣದ ಅದೇ ತುದಿಗೆ ಹೋದರೆ ದೋಷ ಉಪಕರಣದ್ದು. ಎರಡೂ ಬೆರೆತಿದ್ದರೆ ಎರಡು ಓದುಗಳ ಸರಾಸರಿಯೇ ನಿಜವಾದ ಓರೆ. ಇಷ್ಟು ಸರಳ! ಬಿಎಸ್ಸಿ ಪ್ರಯೋಗಾಲಯದಲ್ಲಿ ಶೂನ್ಯ ದೋಷ ಎಂದು ಬರೆದು ಬರೆದು ಸಹಿ ಹಾಕಿಸಿಕೊಂಡವನು ನಾನು. ಸಾಲದೆಂಬಂತೆ, ಕೊನೆಗೆ ಮಾವ ಬಿಳಿ ಚೆಂಡನ್ನು ತೀರಾ ನಿಧಾನವಾಗಿ ಉರುಳಿಸಿ ನೋಡಿದರು. ನಿಲ್ಲುವ ಮೊದಲಿನ ಒಂದು ಗೇಣಿನಲ್ಲಿ ಅದು ಎಡಕ್ಕೆ ವಾಲಿತು. ಗಾರೆಯ ರಸಮಟ್ಟಕ್ಕೆ ಕಾಣದ ಓರೆ ನಿಧಾನದ ಚೆಂಡಿಗೆ ಕಾಣುತ್ತದೆ. ಮತ್ತೊಂದು ಬೆಣೆ ಬೇಕಾಯಿತು.

ಎರಡನೇ ಹಂತ ಕುಣಿಗಲ್‌ನಲ್ಲಿ. ಈ ಬಾರಿ ಪಾಠಯೋಜನೆಯ ಮೊದಲ ಚಟುವಟಿಕೆಯೇ ತಿರುಗಿಸುವುದು. ಪೂಲ್ ಟೇಬಲ್ ಎಂದರೆ ಮಕ್ಕಳಿಗೆ ತಿಳಿಯಲಿಲ್ಲ. ಕೇರಂ ಬೋರ್ಡು, ಬೆಂಗಳೂರಿನ ಪಂಕಜ್ ಅಡ್ವಾಣಿ ಎಂದೆಲ್ಲ ಹೇಳಬೇಕಾಯಿತು. ಪೂಲ್ ಟೇಬಲ್ಲಿನ ಬೆಣೆಗೆ ಬದಲು ಡೆಸ್ಕಿನ ಕಾಲಿಗೆ ನೋಟ್‌ಬುಕ್ ಹಾಳೆ. 100 ಹಾಳೆ ಒತ್ತಿ ಅಳೆದು ಭಾಗಿಸಿದರು, ಒಂದಕ್ಕೆ 0.08 ಮಿ.ಮೀ. ಬಂತು. ನಾಲ್ಕನೇ ಕಾಲು ಏಕೆ ಕುಂಟುತ್ತದೆ ಎಂಬ ಪ್ರಶ್ನೆಯಿಂದ, ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆ ಎಂಬಲ್ಲಿಗೆ ಅವರೇ ಬಂದರು. ಗದ್ದಲ ವಿಪರೀತ. ನಿಯಂತ್ರಣಕ್ಕೆ ಅಂಕ ಕಡಿಮೆಯಾಯಿತು.

ಪ್ರಮಾಣಪತ್ರಕ್ಕೆ ಸಹಿ ಹಾಕಿಸಲು ಗುಬ್ಬಿಯ ಶಾಲೆಗೆ ಹೋದಾಗ ಆ ಹುಡುಗಿಯನ್ನು ಕಂಡು, ಅಂದು ತಪ್ಪು ನನ್ನದು ಎಂದೆ. “ನಮ್ಮಪ್ಪ ದಿನಾ ಹಂಗೇ ತಿರುಗಿಸ್ತಾರೆ ಸರ್” ಎಂದಳು. ಅವಳ ಪೂರ್ವಜ್ಞಾನವನ್ನು ನಾನು ಕೇಳಿಯೇ ಇರಲಿಲ್ಲ. ಇಬ್ಬರೂ ಅದೇ ಮೇಜನ್ನು ಎರಡೂ ರೀತಿಯಲ್ಲಿ ಅಳೆದೆವು. ರಸಮಟ್ಟ ಕೆಟ್ಟಿತ್ತು, ನಿಜ. ಮೇಜೂ ಬಾಗಿಲ ಕಡೆಗೆ ನಾಲ್ಕು ಹಾಳೆಯಷ್ಟು ತಗ್ಗಿತ್ತು.