ನಿದ್ದೆ ಬಾರದ ರಾತ್ರಿಗಳಲ್ಲಿ

ಪವಿತ್ರ ಕುರ್‌ಆನ್ ನಿದ್ದೆಯನ್ನು ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿ ಎಣಿಸಿದೆ. ಅರ್ರೂಮ್ ಅಧ್ಯಾಯದಲ್ಲಿ ಆಕಾಶ ಭೂಮಿಗಳ ಸೃಷ್ಟಿ, ಮನುಷ್ಯರ ಭಾಷೆ ಮತ್ತು ಬಣ್ಣಗಳ ವೈವಿಧ್ಯ, ಇವುಗಳ ಬೆನ್ನಿಗೇ ರಾತ್ರಿ ಹಗಲುಗಳ ನಮ್ಮ ನಿದ್ದೆಯ ಪ್ರಸ್ತಾಪ ಬರುತ್ತದೆ (30:22-23). ಅನ್ನಬಅ್ ಅಧ್ಯಾಯದಲ್ಲಿ ನಿದ್ದೆಗೆ 'ಸುಬಾತ್' ಎಂಬ ಪದವನ್ನು ಬಳಸಲಾಗಿದೆ (78:9). ವಿಶ್ರಾಂತಿಯೆಂದು ನಾವು ಅನುವಾದಿಸುವ ಈ ಪದದ ಮೂಲದಲ್ಲಿ 'ಕಡಿದು ನಿಲ್ಲಿಸುವುದು' ಎಂಬ ಅರ್ಥವಿದೆ. ಹಗಲಿನ ಓಟ ಕಡಿದು ನಿಂತಾಗ ಸಿಗುವುದೇ ನಿದ್ದೆ. ಹಾಗಾದರೆ ದೇಹ ಹಾಸಿಗೆಯಲ್ಲಿದ್ದರೂ ತಲೆಯೊಳಗಿನ ಓಟ ರಾತ್ರಿ ಎರಡು ಗಂಟೆಯಾದರೂ ನಿಲ್ಲದವರು ಏನು ಮಾಡಬೇಕು?

ಇದು ಕೇವಲ ಗ್ರಂಥಗಳ ಚರ್ಚೆಯಲ್ಲ. ನಮ್ಮ ನೊಣವಿನಕೆರೆ, ತಿಪಟೂರು, ತುರುವೇಕೆರೆಯ ಕಡೆ ಮಸೀದಿ ಮದ್ರಸಗಳಲ್ಲಿ ಇರುವವರ ಬಳಿಗೆ ಇಶಾ ನಮಾಝ್ ಮುಗಿದು ಜನ ಚದುರಿದ ಬಳಿಕ ಒಬ್ಬಿಬ್ಬರು ಮೆಲ್ಲನೆ ಬರುತ್ತಾರೆ. "ಹಜ್ರತ್, ಕಣ್ಣಿಗೆ ನಿದ್ದೆ ಹತ್ತೋದಿಲ್ಲ. ಏನಾದರೂ ಓದಿ ಊದಿ ಕೊಡಿ" ಎನ್ನುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಕೂತರೆ ಮನಸ್ಸಿನಲ್ಲಿ ಇರುವ ನಿಜವಾದ ಮಾತು ಹೊರಬರುತ್ತದೆ: "ನನ್ನ ಈಮಾನೇ ಕಡಿಮೆಯಾಗಿದೆಯೋ ಏನೋ." ನಿದ್ದೆಯಿಲ್ಲದ ನೋವಿಗಿಂತ ಈ ಸಂಶಯವೇ ಅವರನ್ನು ಹೆಚ್ಚು ಸುಡುತ್ತಿರುತ್ತದೆ. ಆದ್ದರಿಂದ ಮೊದಲು ಇದಕ್ಕೆ ಉತ್ತರ ಹೇಳಬೇಕು.

ಅರಬಿ ಭಾಷೆಯಲ್ಲಿ ನಿದ್ದೆ ಬಾರದ ಸ್ಥಿತಿಗೆ 'ಅರಕ್' ಎನ್ನುತ್ತಾರೆ. ಹ. ಆಯಿಶಾ(ರ) ವರದಿ ಮಾಡಿರುವ, ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿರುವ ಒಂದು ಹದೀಸ್‌ನಲ್ಲಿ ಇದೇ ಮೂಲದ ಪದವನ್ನು ಸ್ವತಃ ಪ್ರವಾದಿ(ಸ)ರ ಬಗ್ಗೆ ಬಳಸಲಾಗಿದೆ. ಅದು ಅವರು ಮದೀನಾಕ್ಕೆ ಬಂದ ಹೊಸತು. ಶತ್ರುಗಳ ಭಯವಿತ್ತು. ಒಂದು ರಾತ್ರಿ ಪ್ರವಾದಿ(ಸ)ರಿಗೆ ನಿದ್ದೆ ಬರಲಿಲ್ಲ. ತಮ್ಮ ಸಂಗಾತಿಗಳಲ್ಲಿ ಯಾರಾದರೊಬ್ಬ ಸಜ್ಜನ ಈ ರಾತ್ರಿ ಕಾವಲು ಕಾದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವರು ಹೇಳಿಕೊಂಡರು. ಅಷ್ಟರಲ್ಲಿ ಹೊರಗೆ ಆಯುಧಗಳ ಸದ್ದಾಯಿತು. ಯಾರೆಂದು ಕೇಳಿದಾಗ ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾವಲಿಗೆಂದು ಬಂದಿರುವುದಾಗಿ ತಿಳಿಸಿದರು. ಪ್ರವಾದಿ(ಸ)ರು ಅವರಿಗಾಗಿ ಪ್ರಾರ್ಥಿಸಿ ಮಲಗಿದರು. ಬಳಿಕ ಅವರ ಗೊರಕೆಯ ಸದ್ದು ನಮಗೆ ಕೇಳಿಸಿತು ಎಂದು ಹ. ಆಯಿಶಾ(ರ) ಹೇಳುತ್ತಾರೆ.

ಈ ಹದೀಸನ್ನು ನಾವು ಹೆಚ್ಚಾಗಿ ಹ. ಸಅದ್‌ರ ಶ್ರೇಷ್ಠತೆಯನ್ನು ಹೇಳಲು ಮಾತ್ರ ಓದುತ್ತೇವೆ. ನಿದ್ದೆಗೆಟ್ಟವರು ಇದನ್ನು ತಮಗಾಗಿ ಓದಬೇಕು. ಅಲ್ಲಾಹನ ಮೇಲಿನ ಭರವಸೆಯಲ್ಲಿ ಪ್ರವಾದಿ(ಸ)ರನ್ನು ಮೀರಿಸಿದವರು ಯಾರಿದ್ದಾರೆ? ಆದರೂ ಅವರಿಗೆ ನಿದ್ದೆ ಬಾರದ ರಾತ್ರಿಯೊಂದಿತ್ತು. ಅದನ್ನು ಅವರು ಬಚ್ಚಿಡಲಿಲ್ಲ, ಬಳಿಯಲ್ಲಿದ್ದ ಪತ್ನಿಗೆ ಕೇಳುವಂತೆ ಹೇಳಿದರು. ಬೇಕಾದುದು ಏನೆಂದೂ ಸ್ಪಷ್ಟವಾಗಿ ಹೇಳಿದರು. ಕಾವಲನ್ನು ಇನ್ನೊಬ್ಬರು ವಹಿಸಿಕೊಂಡೊಡನೆ ನಿದ್ದೆ ತಾನಾಗಿ ಬಂತು.

ಉಹುದ್ ಯುದ್ಧದ ಕುರಿತಾದ ಸೂಕ್ತವನ್ನು (3:154) ಮುಂದಿಟ್ಟು, ನಿದ್ದೆ ಬಾರದವರನ್ನು ಕಪಟವಿಶ್ವಾಸಿಗಳ ಸಾಲಿಗೆ ಸೇರಿಸಿಬಿಡುವ ಭಾಷಣಕಾರರೂ ಇದ್ದಾರೆ. ಆ ದಿನ ಒಂದು ತಂಡಕ್ಕೆ ನೆಮ್ಮದಿಯ ಜೋಂಪು ಹತ್ತಿತು, ಇನ್ನೊಂದು ತಂಡಕ್ಕೆ ತಮ್ಮ ಪ್ರಾಣದ್ದೇ ಚಿಂತೆಯಾಗಿತ್ತು ಎಂಬುದು ನಿಜ. ತಮ್ಮ ಕೈಯಿಂದ ಖಡ್ಗ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತೆಂದು ಹ. ಅಬೂ ತಲ್ಹಾ(ರ) ನೆನಪಿಸಿಕೊಂಡಿದ್ದಾರೆ. ಆದರೆ ಸೂಕ್ತವು ಆಕ್ಷೇಪಿಸಿರುವುದು ಆ ಎರಡನೆಯ ತಂಡದ ಎಚ್ಚರವನ್ನಲ್ಲ, ಅಲ್ಲಾಹನ ಬಗ್ಗೆ ಅವರು ತಾಳಿದ್ದ ಅಜ್ಞಾನಕಾಲದ ಗುಮಾನಿಯನ್ನು. ಸಾಲ ತೀರಿಸುವ ಚಿಂತೆಯಲ್ಲಿ ಹೊರಳಾಡುವ ಬಡವನಿಗೆ ಈ ಸೂಕ್ತವನ್ನು ಓದಿ ಹೆದರಿಸುವುದು ಅನ್ಯಾಯ.

ನಮ್ಮ ಸೀಮೆಯ ಚಿಂತೆ ಯಾವುದೆಂದು ಎಲ್ಲರಿಗೂ ಗೊತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ತೋಟದವರು, ಕಾಯಿ ಸುಲಿಯುವವರು, ಮಂಡಿಯ ಹಮಾಲರು, ಸಣ್ಣ ವ್ಯಾಪಾರಿಗಳು ಎಲ್ಲರೂ ನಿದ್ದೆಗೆಟ್ಟರು. 2025ರ ಮಧ್ಯದ ಹೊತ್ತಿಗೆ ಅದೇ ಕೊಬ್ಬರಿ ಕ್ವಿಂಟಲಿಗೆ 25,000 ರೂಪಾಯಿ ದಾಟಿತು. ಆಗಲಾದರೂ ನಿದ್ದೆ ಬರಬೇಕಿತ್ತಲ್ಲವೇ? ಮೊದಲೇ ಮಾರಿದವನಿಗೆ ಮಾರಿಬಿಟ್ಟೆನಲ್ಲ ಎಂಬ ಸಂಕಟ, ಅಟ್ಟದಲ್ಲಿ ಉಳಿಸಿಕೊಂಡವನಿಗೆ ಕಳ್ಳರ ಭಯ! ದರ ಇಳಿದಾಗಲೂ ಏರಿದಾಗಲೂ ಕೆಟ್ಟದ್ದು ನಿದ್ದೆಯೇ. ಇದಲ್ಲದೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ದಿನಗಳಲ್ಲಿ, ಈಗ ಬಂತೇ ಆಗ ಬಂತೇ ಎಂದು ಬಲ್ಬಿನ ಕಡೆ ಕಣ್ಣಿಟ್ಟು ಮಲಗುವವನದು ನಿದ್ದೆಯಲ್ಲ, ಕಾವಲು.

ಕಾವಲು ಎಂಬ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಆಯತುಲ್ ಕುರ್ಸಿಯನ್ನು (2:255) ಮಲಗುವ ಮುನ್ನ ಓದುವ ರೂಢಿ ನಮ್ಮ ಮನೆಗಳಲ್ಲಿದೆ. ಅಲ್ಲಾಹನಿಗೆ 'ಸಿನತ್' ಆಗಲಿ 'ನೌಮ್' ಆಗಲಿ ತಟ್ಟದು ಎಂದು ಅದರಲ್ಲಿದೆ. ಸಿನತ್ ಎಂದರೆ ತೂಕಡಿಕೆ, ನೌಮ್ ಎಂದರೆ ನಿದ್ದೆ. ತೂಕಡಿಕೆಯೂ ಇಲ್ಲದ ಕಾವಲುಗಾರನೊಬ್ಬನಿದ್ದಾನೆಂದು ನಾಲಗೆಯಿಂದ ಓದಿ, ಅಟ್ಟದ ಕೊಬ್ಬರಿಯ ಕಾವಲನ್ನು ಮಾತ್ರ ನಾವೇ ಇಟ್ಟುಕೊಂಡು ಮಲಗುತ್ತೇವೆ. ಅರ್ಥ ತಿಳಿದು ನಿಧಾನವಾಗಿ ಒಮ್ಮೆ ಓದುವುದು, ಅರ್ಥ ತಿಳಿಯದೆ ಅವಸರದಲ್ಲಿ ಹತ್ತು ಬಾರಿ ಓದುವುದಕ್ಕಿಂತ ಮನಸ್ಸಿಗೆ ಹೆಚ್ಚು ನಾಟುತ್ತದೆ. ಆದರೆ ಹ. ಸಅದ್‌ರ ಘಟನೆ ಇನ್ನೊಂದನ್ನೂ ಕಲಿಸುತ್ತದೆ. ಬಾಗಿಲಿನ ಅಗುಳಿ ಹಾಕುವುದು, ಸಾಲದ ಲೆಕ್ಕವನ್ನು ಹಗಲಿನಲ್ಲೇ ಕಾಗದದ ಮೇಲೆ ಬರೆದಿಡುವುದು, ಮೋಟರ್ ಹಾಕುವ ಸರದಿಯನ್ನು ಅಣ್ಣತಮ್ಮಂದಿರು ರಾತ್ರಿ ಬಿಟ್ಟು ರಾತ್ರಿ ಹಂಚಿಕೊಳ್ಳುವುದು, ಇವೂ ಕಾವಲನ್ನು ಒಪ್ಪಿಸುವ ದಾರಿಗಳೇ.

ಹಾಸಿಗೆಯಲ್ಲಿ ಹೋರಾಡಬೇಡಿ

ನಿದ್ದೆ ಬಾರದವನು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಅದನ್ನು ಬಲವಂತದಿಂದ ತರಿಸಲು ಹೊರಡುವುದು. ಗಡಿಯಾರ ನೋಡುತ್ತಾನೆ, ಇನ್ನು ನಾಲ್ಕೇ ಗಂಟೆ ಉಳಿಯಿತೆಂದು ಲೆಕ್ಕ ಹಾಕುತ್ತಾನೆ, ಕಣ್ಣನ್ನು ಬಿಗಿಯಾಗಿ ಮುಚ್ಚುತ್ತಾನೆ. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ದಿನಾ ಹತ್ತಿ ಅಲ್ಲಾಡಿಸಿ ಕಿವಿಗಿಟ್ಟು ನೋಡಿದರೆ ಅದು ಬೇಗ ಒಣಗುವುದಿಲ್ಲ. ನಿದ್ದೆಯ ವಿಷಯದಲ್ಲಿ ಸ್ಥಿತಿ ಇನ್ನೂ ಕಷ್ಟದ್ದು, ಏಕೆಂದರೆ ನೋಡಿದಷ್ಟೂ ಅದು ದೂರ ಹೋಗುತ್ತದೆ.

1972ರಲ್ಲಿ ರಿಚರ್ಡ್ ಬೂಟ್ಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದಕ್ಕೊಂದು ಸರಳ ಕ್ರಮವನ್ನು ಮುಂದಿಟ್ಟರು. ಇಂದಿಗೂ ವೈದ್ಯರು ಅದನ್ನು ಹೇಳುತ್ತಾರೆ. ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಸುಮಾರು ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂರಬೇಕು, ಮತ್ತೆ ತೂಕಡಿಕೆ ಬಂದಾಗ ಹಿಂದಿರುಗಬೇಕು. ಗಡಿಯಾರ ನೋಡದೆ ಅಂದಾಜಿನಲ್ಲೇ ಏಳುವುದು ಒಳ್ಳೆಯದು. ಹಾಸಿಗೆಯೆಂದರೆ ಹೋರಾಟದ ಜಾಗವೆಂದು ಕಲಿತುಬಿಟ್ಟ ಮನಸ್ಸಿಗೆ ಅದು ಮಲಗುವ ಜಾಗವೆಂದು ಮತ್ತೆ ಕಲಿಸುವುದೇ ಇದರ ಉದ್ದೇಶ. ಕೆಲವು ವಾರ ಬಿಡದೆ ಪಾಲಿಸಬೇಕಾಗುತ್ತದೆ. ಮೊದಲ ಕೆಲವು ರಾತ್ರಿ ನಿದ್ದೆ ಇನ್ನೂ ಕಡಿಮೆಯಾದಂತೆ ತೋರಬಹುದು.

ಎದ್ದು ಕುಳಿತವನು ಏನು ಮಾಡಬೇಕು? ಮೊಬೈಲ್ ಹಿಡಿಯುವುದಂತೂ ಬೇಡ. ರಾತ್ರಿ ಹಾಸಿಗೆಯಲ್ಲಿ ಎಚ್ಚರಗೊಂಡು ಅಲ್ಲಾಹನನ್ನು ಸ್ಮರಿಸಿ ಕ್ಷಮೆ ಯಾಚಿಸುವವನ ಪ್ರಾರ್ಥನೆ ಸ್ವೀಕೃತವಾಗುತ್ತದೆಂದೂ, ಅವನು ವುಝೂ ಮಾಡಿ ನಮಾಝ್ ನಿರ್ವಹಿಸಿದರೆ ಅದೂ ಸ್ವೀಕೃತವಾಗುತ್ತದೆಂದೂ ಹ. ಉಬಾದಾ ಬಿನ್ ಸಾಮಿತ್(ರ)ರ ವರದಿ ಬುಖಾರಿಯಲ್ಲಿದೆ. ಅಲ್ಲಿ ಎಚ್ಚರಗೊಳ್ಳುವುದಕ್ಕೆ ಬಳಸಿರುವ 'ತಆರ್ರ' ಎಂಬ ಪದಕ್ಕೆ ವಿದ್ವಾಂಸರು ಬಾಯಿಂದ ಸದ್ದು ಹೊರಡಿಸುತ್ತಾ ಎಚ್ಚರಗೊಳ್ಳುವುದು, ಮಗ್ಗುಲು ಬದಲಿಸುವುದು ಎಂಬ ಅರ್ಥಗಳನ್ನು ಕೊಟ್ಟಿದ್ದಾರೆ. ಮಗ್ಗುಲಿನಿಂದ ಮಗ್ಗುಲಿಗೆ ಹೊರಳಾಡುವವನ ಪರಿಚಯ ಆ ಪದಕ್ಕೆ ಚೆನ್ನಾಗಿಯೇ ಇದೆ! ಆದ್ದರಿಂದ ಎದ್ದು, ವುಝೂ ಮಾಡಿ, ಮಂದ ಬೆಳಕಿನಲ್ಲಿ ಎರಡು ರಕಅತ್ ನಮಾಝ್ ನಿರ್ವಹಿಸಿ. ಮನಸ್ಸಿನ ಭಾರವನ್ನು ನಿಮ್ಮ ಮನೆಮಾತಿನಲ್ಲೇ ಅಲ್ಲಾಹನ ಮುಂದಿಡಿ.

ಆದರೆ ಒಂದು ಎಚ್ಚರಿಕೆ. ನಮಾಝನ್ನು ನಿದ್ದೆಯ ಗುಳಿಗೆಯಂತೆ ಎಣಿಸಬಾರದು. "ಎರಡು ರಕಅತ್ ಆಯಿತು, ಇನ್ನೂ ನಿದ್ದೆ ಬರಲಿಲ್ಲ" ಎಂದು ಕಾದು ಕೂತರೆ ಅದೂ ಕಾಯಿ ಅಲ್ಲಾಡಿಸಿ ನೋಡಿದಂತೆಯೇ. ಜೋಂಪು ಹತ್ತಿದರೆ ಹಟ ಹಿಡಿದು ನಮಾಝ್ ಮುಂದುವರಿಸಲೂ ಬಾರದು. ಹ. ಝೈನಬ್(ರ) ನಮಾಝಿನಲ್ಲಿ ದಣಿದಾಗ ಹಿಡಿದುಕೊಳ್ಳಲು ಮಸೀದಿಯ ಎರಡು ಕಂಬಗಳ ನಡುವೆ ಕಟ್ಟಿಸಿದ್ದ ಹಗ್ಗವನ್ನು ಪ್ರವಾದಿ(ಸ)ರು ಬಿಚ್ಚಿಸಿದರು. ಲವಲವಿಕೆ ಇರುವವರೆಗೆ ನಮಾಝ್ ಮಾಡಿ, ದಣಿದಾಗ ಬಿಡಬೇಕೆಂದು ಕಲಿಸಿದರು. ನಮಾಝಿನಲ್ಲಿ ತೂಕಡಿಕೆ ಬಂದವನು ಮಲಗಬೇಕು, ಇಲ್ಲದಿದ್ದರೆ ಕ್ಷಮೆ ಬೇಡಲು ಹೋಗಿ ತನ್ನನ್ನೇ ಶಪಿಸಿಕೊಂಡಾನು ಎಂಬ ಅರ್ಥದ ಹದೀಸನ್ನು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ತಹಜ್ಜುದ್‌ನ ಸಂಕಲ್ಪ ಮಾಡಿ ಮಲಗಿದವನನ್ನು ನಿದ್ದೆ ಆವರಿಸಿದರೆ ಸಂಕಲ್ಪದ ಪುಣ್ಯ ಅವನಿಗಿದೆ, ಆ ನಿದ್ದೆ ಅವನ ಪ್ರಭುವಿನಿಂದ ಬಂದ ದಾನವೆಂದೂ ನಸಾಈಯಲ್ಲಿ ವರದಿಯಾಗಿದೆ.

ಮಲಗುವ ಮುನ್ನ, ಎದ್ದ ಮೇಲೆ

ಇಶಾಕ್ಕೆ ಮುಂಚೆ ಮಲಗುವುದನ್ನೂ ಇಶಾ ಬಳಿಕ ಹರಟುತ್ತಾ ಕೂರುವುದನ್ನೂ ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ. ನಮ್ಮಲ್ಲಿ ಇಶಾ ಮುಗಿದ ಮೇಲೆಯೇ ಚಹಾದಂಗಡಿಯ ಮಜ್ಲಿಸ್ ಕಳೆಗಟ್ಟುತ್ತದೆ. ಕುಡಿದ ಚಹಾದಲ್ಲಿನ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆಗಳ ಬಳಿಕವೂ ಮೈಯಲ್ಲಿ ಉಳಿದಿರುತ್ತದೆ. ನಿದ್ದೆಯ ತೊಂದರೆ ಇರುವವರು ಅಸರ್ ಬಳಿಕ ಚಹಾ ಕಾಫಿ ಬಿಡುವುದು ಲೇಸು. ಮಲಗುವಾಗ ದೀಪ ಆರಿಸಬೇಕೆಂಬ ಹದೀಸ್ ಇದೆ. ಕಾರಣವನ್ನೂ ಅದರಲ್ಲೇ ಹೇಳಲಾಗಿದೆ: ಇಲಿ ಬತ್ತಿ ಎಳೆದು ಮನೆಗೆ ಬೆಂಕಿ ಹಚ್ಚೀತು ಎಂದು. ಕೆಲವರು ಇದರಲ್ಲಿ ಇಂದಿನ ವಿಜ್ಞಾನವನ್ನೆಲ್ಲ ಕಾಣುತ್ತಾರೆ. ಹದೀಸ್ ಹೇಳದ್ದನ್ನು ಅದರ ಬಾಯಲ್ಲಿ ಇಡುವುದು ಬೇಡ. ಕತ್ತಲೆ ನಿದ್ದೆಗೆ ಸಹಾಯಕ ಎಂಬುದು ಬೇರೆಯಾಗಿಯೇ ಸಾಬೀತಾದ ಸಂಗತಿ, ಅದನ್ನು ಹಾಗೆಯೇ ಒಪ್ಪಿಕೊಂಡರೆ ಸಾಕು.

ಹೆಂಗಸರ ನಿದ್ದೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವವರು ಅವರೇ. ಬೀಸುವ ಕಲ್ಲಿನಿಂದ ಕೈ ನೊಂದ ಹ. ಫಾತಿಮಾ(ರ) ಸೇವಕರನ್ನು ಕೇಳಲು ತಂದೆಯ ಬಳಿಗೆ ಹೋದರು. ಅವರು ಮನೆಯಲ್ಲಿರಲಿಲ್ಲ. ವಿಷಯ ತಿಳಿದು ಪ್ರವಾದಿ(ಸ)ರು ರಾತ್ರಿ ತಾವೇ ಮಗಳ ಮನೆಗೆ ಬಂದರು. ಅಷ್ಟರಲ್ಲಿ ದಂಪತಿಗಳು ಮಲಗಿದ್ದರು. ಏಳಬೇಡಿರೆಂದು ಹೇಳಿ ಅವರಿಬ್ಬರ ನಡುವೆ ಕುಳಿತರು. ಅವರ ಪಾದಗಳ ತಂಪು ತಮ್ಮ ಎದೆಗೆ ತಾಗಿದ್ದನ್ನು ಹ. ಅಲಿ(ರ) ನೆನೆಯುತ್ತಾರೆ. ಮಲಗುವಾಗ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳುವುದು ಸೇವಕರಿಗಿಂತ ಉತ್ತಮವೆಂದು ಅಂದು ಕಲಿಸಿದರು. ಸಿಫ್ಫೀನ್ ಯುದ್ಧದ ರಾತ್ರಿಯೂ ತಾವಿದನ್ನು ಬಿಡಲಿಲ್ಲವೆಂದು ಹ. ಅಲಿ(ರ) ಹೇಳಿದ್ದಾರೆ. ಈ ಹದೀಸನ್ನು ಹೆಂಡತಿಗೆ ಕೇಳಿಸಿ, ಪಾತ್ರೆಗಳನ್ನು ಅವಳಿಗೇ ಬಿಟ್ಟು ಮಲಗುವ ಗಂಡಸರು, ಪ್ರವಾದಿ(ಸ)ರು ಮನೆಯಲ್ಲಿದ್ದಾಗ ಮನೆಯವರ ಸೇವೆಯಲ್ಲಿ ಇರುತ್ತಿದ್ದರೆಂಬ ಹ. ಆಯಿಶಾ(ರ)ರ ಮಾತನ್ನೂ ಓದಬೇಕು. ಅದೂ ಬುಖಾರಿಯಲ್ಲೇ ಇದೆ.

ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಸಮಯವನ್ನು ಬದಲಿಸಬೇಡಿ ಎಂದು ನಿದ್ರಾತಜ್ಞರು ಒತ್ತಿ ಹೇಳುತ್ತಾರೆ. ನಮಗೆ ಇದು ಹೊಸದೇನಲ್ಲ, ಫಜ್ರ್ ಇದೆ. ಯುರೋಪಿನ ಉತ್ತರ ದೇಶಗಳ ಮುಸ್ಲಿಮರಿಗೆ ಬೇಸಗೆಯಲ್ಲಿ ಇಶಾ ಮತ್ತು ಫಜ್ರ್ ನಡುವೆ ಕೆಲವೇ ಗಂಟೆಗಳು. ನಮ್ಮ ಸೀಮೆಯಲ್ಲಿ ಫಜ್ರ್ ಸಮಯ ವರ್ಷವಿಡೀ ಸುಮಾರು ಒಂದು ಗಂಟೆಯಷ್ಟು ಹಿಂದೆ ಮುಂದೆ ಆಗುತ್ತದೆ, ಅಷ್ಟೆ. ಮಧ್ಯಾಹ್ನದ ಕೈಲೂಲಾ ಸಹಾಬಿಗಳ ರೂಢಿಯಾಗಿತ್ತು. ರಾತ್ರಿ ನಿದ್ದೆಗೆಟ್ಟವನು ಅದನ್ನು ಅರ್ಧ ಗಂಟೆಗೆ ಮುಗಿಸಲಿ. ಸಂಜೆಯವರೆಗೆ ಮಲಗಿದರೆ ಮುಂದಿನ ರಾತ್ರಿಯ ನಿದ್ದೆಯೂ ಹೋಯಿತು. ಕೊಬ್ಬರಿ ಲಾರಿ ಹತ್ತಿ ಉತ್ತರ ಭಾರತದ ದಾರಿಯಲ್ಲಿ ರಾತ್ರಿ ಕಳೆಯುವವರಿಗೆ ಈ ಕ್ರಮವೆಲ್ಲ ನಡೆಯದು. ರಾತ್ರಿ ನಮಾಝಿನ ವಿಷಯದಲ್ಲಿ ರೋಗಿಗಳಿಗೂ ಜೀವನೋಪಾಯಕ್ಕಾಗಿ ಸಂಚರಿಸುವವರಿಗೂ ಅಲ್ಲಾಹನು ಸೌಲಭ್ಯ ನೀಡಿದ್ದಾನೆ (73:20). ಅವರು ಸಿಕ್ಕ ಹೊತ್ತಿನಲ್ಲಿ ನಿದ್ದೆ ಮಾಡಲಿ, ಕಣ್ಣು ಎಳೆಯುವಾಗ ಸ್ಟೇರಿಂಗ್ ಹಿಡಿಯದಿರಲಿ.

ಇಷ್ಟೆಲ್ಲ ಮಾಡಿದರೂ ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆಯಿಲ್ಲದೆ ಮೂರು ತಿಂಗಳು ಕಳೆದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಮಲಗಿದವರು ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುತ್ತಿದ್ದರೆ, ಸಕ್ಕರೆ ಕಾಯಿಲೆಯಿಂದ ಮೂತ್ರಕ್ಕೆಂದು ಪದೇ ಪದೇ ಏಳುತ್ತಿದ್ದರೆ, ಕಾಲು ಸೆಳೆದು ಅಲ್ಲಾಡಿಸದೆ ಇರಲಾಗದಿದ್ದರೆ ಮೂರು ತಿಂಗಳು ಕಾಯುವುದೂ ಬೇಡ. ಮುಂಜಾನೆ ಮೂರಕ್ಕೇ ಎಚ್ಚರವಾಗಿ ಬದುಕೇ ಬೇಡವೆನಿಸುವವರು ಅದೇ ದಿನ ಯಾರಿಗಾದರೂ ಹೇಳಲೇಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಚಿಕಿತ್ಸೆ ಮಾಡಿಸಿಕೊಳ್ಳಿ ಎಂಬುದು ಪ್ರವಾದಿ(ಸ)ರ ಆದೇಶ. ಅದು ತವಕ್ಕುಲ್‌ಗೆ ವಿರುದ್ಧವಲ್ಲ.

ನಿದ್ದೆ ಗುಳಿಗೆಯನ್ನು ಮಾತ್ರ ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಪಕ್ಕದ ಮನೆಯವರ ಚೀಟಿ ತೋರಿಸಿ ತರಿಸಲೂ ಬೇಡಿ. ಅಲ್ಪ್ರಜೋಲಾಮ್‌ನಂತಹ ಗುಳಿಗೆಗಳು ಬೇಗನೆ ಅಭ್ಯಾಸವಾಗಿಬಿಡುತ್ತವೆ, ವಯಸ್ಸಾದವರು ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವೂ ಇದೆ. ಈಗಾಗಲೇ ತಿಂಗಳುಗಟ್ಟಲೆ ನುಂಗುತ್ತಿರುವವರು ಈ ಲೇಖನ ಓದಿ ಇಂದೇ ನಿಲ್ಲಿಸಿಬಿಡಬಾರದು. ಥಟ್ಟನೆ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಗುಳಿಗೆಯ ಖಾಲಿ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ತಿಪಟೂರಿನ ಸರಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಎಷ್ಟು ವಾರಗಳಲ್ಲಿ ಎಷ್ಟೆಷ್ಟು ಕಡಿಮೆ ಮಾಡಬೇಕೆಂದು ವೈದ್ಯರು ಬರೆದುಕೊಡುತ್ತಾರೆ.