ನೀರಗಂಟಿಯ ಸಂಬಳ, ಗುತ್ತಿಗೆಯ ಲೆಕ್ಕ

ಬಿಳಿಗೆರೆ

ಮಗಳೇ,

ಮೊನ್ನೆ ತಿಪಟೂರಿನ ಕೊಬ್ಬರಿ ಹರಾಜಿನಲ್ಲಿ ನಿಮ್ಮಪ್ಪ ಸಿಕ್ಕಿದ್ದ. ಪಂಚಾಯ್ತಿಯ ನೀರಿನ ಕೆಲಸ ಪೂರ್ತಿ ಗುತ್ತಿಗೆಗೆ ಕೊಡುವ ಟಿಪ್ಪಣಿ ನಿನ್ನ ಮೇಜಿಗೆ ಬಂದಿದೆಯಂತೆ. ದೊಡ್ಡ ಮೊತ್ತ ಉಳಿಯುತ್ತದೆ ಅಂತ ನೀನೇ ಲೆಕ್ಕ ಹಾಕಿದ್ದೀಯಂತೆ. ಕೇಳಿದ ರಾತ್ರಿ ನಿದ್ದೆ ಹತ್ತಲಿಲ್ಲ ಕಣಮ್ಮ. ನಿನ್ನಂತೆ ಹೊಸದಾಗಿ ಪಿ.ಡಿ.ಓ. ಆದವರೂ ಓದಲಿ ಅಂತ ಪತ್ರಿಕೆಗೇ ಕಳಿಸುತ್ತಿದ್ದೇನೆ.

ಕಾರ್ಯದರ್ಶಿಯಾಗಿದ್ದಾಗ ನಾನೂ ಇದನ್ನೇ ಮಾಡಿದ್ದೆ, ಬೇರೊಂದು ತಾಲ್ಲೂಕಿನಲ್ಲಿ. ನಾಲ್ಕು ಬೋರ್‌ವೆಲ್, ಒಂದು ಟ್ಯಾಂಕು, ಮೂವರು ನೀರಗಂಟಿಗಳು. ನಮ್ಮ ಖರ್ಚಿನ ಕಡೆ ಅವರ ಸಂಬಳ ಬರೆದೆ, ಕರೆಂಟ್ ಬಿಲ್ ಬರೆದೆ, ಕಚೇರಿ ಖರ್ಚಿನಲ್ಲೊಂದು ಪಾಲು, ನನ್ನ ಸಂಬಳದಲ್ಲೊಂದು ಪಾಲು ಸೇರಿಸಿದೆ. ಗುತ್ತಿಗೆಯ ಕಡೆ ಗುತ್ತಿಗೆದಾರ ಬರೆದುಕೊಟ್ಟ ಮೊತ್ತ ಮಾತ್ರ. ಸಭೆಯಲ್ಲಿ ಎಲ್ಲರೂ ಭೇಷ್ ಎಂದರು. ಗುತ್ತಿಗೆ ಕೊಟ್ಟ ಮೇಲೂ ಕರೆಂಟ್ ಬಿಲ್ ಪಂಚಾಯ್ತಿಯೇ ಕಟ್ಟಿತು. ನನ್ನ ಸಂಬಳ ಒಂದು ರೂಪಾಯಿ ಇಳಿಯಲಿಲ್ಲ. ಅವನ ಹುಡುಗರು ಬಂದರೋ ಇಲ್ಲವೋ ಎಂದು ಪಂಪ್‌ಹೌಸ್ ಸುತ್ತುವುದು ಹೊಸ ಕೆಲಸವಾಯಿತು.

ಹಳೆಯ ನೀರಗಂಟಿ ಮೋಟರಿನ ಸದ್ದು ಕೇಳಿಯೇ ಬೋರಿನಲ್ಲಿ ನೀರು ಇಳಿದಿದೆ ಎಂದು ಸ್ಟಾರ್ಟರ್ ಆರಿಸುತ್ತಿದ್ದ. ಹೊಸ ಹುಡುಗರಿಗೆ ಆ ಸದ್ದು ತಿಳಿಯದು. ಒಂದೇ ಬೇಸಿಗೆಯಲ್ಲಿ ಮೂರು ಸಲ ಮೋಟರ್ ಸುಟ್ಟಿತು. ಎತ್ತುವ ಕೂಲಿ, ರಿವೈಂಡಿಂಗ್, ಕೇಬಲ್ಲು, ಇಳಿಸುವ ಕೂಲಿ, ಅಲ್ಲಿಯವರೆಗೆ ಟ್ಯಾಂಕರ್. ಕರಾರಿನಲ್ಲಿ ರಿಪೇರಿಯ ಮಾತೇ ಇರಲಿಲ್ಲ, ಎಲ್ಲ ನಮ್ಮ ತಲೆಗೇ ಬಂತು. ಹಳಬನನ್ನು ಕರೆಯಲು ಹೋದರೆ ಅವನು ಬೆಂಗಳೂರಿಗೆ ಹೋಗಿ ವಾಚ್‌ಮನ್ ಆಗಿದ್ದ. ಮತ್ತೆ ಬರಲಿಲ್ಲ.

ಮನೆಯಲ್ಲೇ ಕಂಡಿದ್ದೂ ನನಗೆ ಆಗ ನೆನಪಾಗಲಿಲ್ಲ ನೋಡು. ಅಪ್ಪ ಒಂದು ವರ್ಷ ತೋಟದ ಫಸಲು ಗುತ್ತಿಗೆಗೆ ಕೊಟ್ಟಿದ್ದರು. ಕಾಯಿ ಕೀಳಿಸುವ, ಸುಲಿಸುವ ಕೂಲಿ ಉಳಿಯಿತು ಅಂತ ಖುಷಿ. ಉಳುಮೆ, ಗೊಬ್ಬರ, ನೀರು ನಮ್ಮ ಮೇಲೇ ಇದ್ದವು. ಕಾಯಿಯ ಜೊತೆ ಮಟ್ಟೆಯೂ ಚಿಪ್ಪೂ ಹೋದವು. ಹತ್ತು ಹನ್ನೊಂದು ತಿಂಗಳು ಕಾಯಿ ಒಣಗಿ ಉಂಡೆಕೊಬ್ಬರಿಯಾಗುತ್ತಿದ್ದ ಅಟ್ಟ ಬರಿದಾಯಿತು. ಅವ್ವ ಆ ವರ್ಷ ಒಲೆಗೆ ಸೌದೆ ಕೊಂಡಳು.

ಅಮೆರಿಕದ ಸರ್ಕಾರವೂ ಇಂಥ ಲೆಕ್ಕಕ್ಕೆ ಎ-76 ಎಂಬ ಸುತ್ತೋಲೆ ಮಾಡಿತ್ತು. ಸಿಬ್ಬಂದಿ ವೆಚ್ಚದ ಶೇ. 10 ಅಥವಾ 1 ಕೋಟಿ ಡಾಲರ್, ಯಾವುದು ಕಡಿಮೆಯೋ ಅಷ್ಟಾದರೂ ಉಳಿಯದಿದ್ದರೆ ಸರ್ಕಾರಿ ನೌಕರರು ಮಾಡುತ್ತಿರುವ ಕೆಲಸ ಹೊರಗೆ ಹೋಗಕೂಡದು. ಕೈ ಬದಲಾಯಿಸುವುದಕ್ಕೇ ಖರ್ಚಿದೆಯಲ್ಲ. ಅದೇ ಸುತ್ತೋಲೆ ಸರ್ಕಾರದ ಕಡೆಯ ಸಂಬಳದ ಮೇಲೆ ಶೇ. 12 ಮೇಲ್ವೆಚ್ಚವನ್ನು ಕಣ್ಣುಮುಚ್ಚಿ ಸೇರಿಸುತ್ತಿತ್ತು. ಆ ಅಂಕಿಗೆ ಆಧಾರವಿಲ್ಲ ಎಂದು ಅವರ ರಕ್ಷಣಾ ಇಲಾಖೆಯ ತನಿಖಾಧಿಕಾರಿಯೇ ಹೇಳಿದ. ನಾನು ಸೇರಿಸಿದ ಕಚೇರಿ ಪಾಲಿನದೂ ಅದೇ ಕತೆ.

ಎಷ್ಟಕ್ಕೆ ಒಪ್ಪಿದ್ದಾನೆ ನಿನ್ನ ಗುತ್ತಿಗೆದಾರ? ತಿಂಗಳಿಗೆ 15,000 ರೂಪಾಯಿ ಸಂಬಳದ ಮೇಲೆ ಪಿ.ಎಫ್. ಮಾಲೀಕನ ಪಾಲು ಆಡಳಿತ ಶುಲ್ಕ ಸೇರಿ ಶೇ. 13, ಅಂದರೆ 1,950. ಇ.ಎಸ್.ಐ. ಶೇ. 3.25, ಸುಮಾರು 488. ಅದರ ಮೇಲೆ ಅವನ ಲಾಭ. ಅಷ್ಟಕ್ಕಿಂತ ಕಡಿಮೆ ಬರೆದಿದ್ದರೆ ಆ ಕೊರತೆ ಯಾರ ಹೊಟ್ಟೆಯಿಂದ ತುಂಬುತ್ತಾನೆ? ಇಷ್ಟು ಓದಿದವಳು, ಒಂದು ಗುಣಾಕಾರ ಮಾಡಲಿಲ್ಲವಲ್ಲ! ಬೆಂಗಳೂರಿನ ಪೌರಕಾರ್ಮಿಕರನ್ನು ವರ್ಷಗಟ್ಟಲೆ ಗುತ್ತಿಗೆಯಲ್ಲಿಟ್ಟು, ಕೊನೆಗೆ 2018ರಿಂದ ಪಾಲಿಕೆಯೇ ನೇರವಾಗಿ ಸಂಬಳ ಕೊಡುವಂತಾಯಿತು. ಅದನ್ನಾದರೂ ನೋಡಬಾರದಿತ್ತೇ?

ಗದರಿದೆ, ಬೇಸರ ಮಾಡಿಕೊಳ್ಳಬೇಡ. ಗುತ್ತಿಗೆಯೇ ಬೇಡ ಎನ್ನುತ್ತಿಲ್ಲ. ಬೋರ್‌ವೆಲ್ ಕೊರೆಸಲು ಪಂಚಾಯ್ತಿ ಲಾರಿ ಕೊಳ್ಳುತ್ತದೆಯೇ? ದಿನಾ ಬೆಳಗ್ಗೆ ವಾಲ್ವ್ ತಿರುಗಿಸುವ ಕೈ ಮಾತ್ರ ನಮ್ಮೂರಿನದೇ ಇರಲಿ. ನಿರ್ಧಾರ ನಿನ್ನದು, ಸಭೆಯದು. ಹೋದ ಮೂರು ವರ್ಷದ ಮೋಟರ್ ರಿಪೇರಿ ವೋಚರುಗಳ ಜೆರಾಕ್ಸ್ ತೆಗೆಸಿಕೊಂಡು ಭಾನುವಾರ ಬಾ. ಊಟ ಇಲ್ಲೇ ಮಾಡುವೆಯಂತೆ, ಟಿಪ್ಪಣಿಗೆ ಸಹಿ ಹಾಕುವ ಮೊದಲು ಇಬ್ಬರೂ ಕೂತು ಇನ್ನೊಮ್ಮೆ ಬರೆಯೋಣ.

ನಿನ್ನ ದೊಡ್ಡಪ್ಪ